ಇಳಿಸಿ ಕೊಟ್ಟ ಹೆಸರು

ಮಗುವಿಗೆ ವರ್ಷ ತುಂಬುತ್ತ ಬಂದಿತ್ತು, ಇನ್ನೂ ಹೆಸರಿಟ್ಟಿರಲಿಲ್ಲ. ರಾಬರ್ಟ್‌ಸನ್‌ಪೇಟೆಯ ಆ ಓಣಿಯವರೆಲ್ಲ ಅದನ್ನು ಮರಿ ಎಂದು ಕರೆಯುತ್ತಿದ್ದರು. ಚುಚ್ಚುಮದ್ದಿನ ಕಾರ್ಡಿನಲ್ಲಿ ಕಲ್ಪನ ಅವರ ಗಂಡು ಮಗು ಎಂದಷ್ಟೇ ಬರೆದಿತ್ತು. ಕಾರಣ ಮನೆಯವರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಮಗುವಿನ ತಾತ ಮುನಿನಾರಾಯಣಪ್ಪನವರು ಇನ್ನೂ ಬದುಕಿದ್ದರು.

ಆ ವಂಶದಲ್ಲಿ ಹಿರಿಯ ಮೊಮ್ಮಗನಿಗೆ ತಾತನ ಹೆಸರೇ ಸಲ್ಲತಕ್ಕದ್ದು. ಆದರೆ ತಾತನು ಕಣ್ಣುಮುಚ್ಚಿದ ಮೇಲೆ ಮಾತ್ರ. ಬದುಕಿರುವವರ ಹೆಸರನ್ನು ತೊಟ್ಟಿಲಿಗೆ ಹಾಕಿದರೆ ಆ ಹೆಸರು ಹಿರಿಯರ ಆಯುಸ್ಸನ್ನು ಎಳೆದುಕೊಂಡು ಹೋಗುತ್ತದೆಂಬ ನಂಬಿಕೆ. ಮಗ ಮಂಜೇಶನಿಗೆ ಮದುವೆಯಾಗಿ ಬಹುಕಾಲದ ಮೇಲೆ ಈ ಮಗು ಹುಟ್ಟಿದಾಗ ಮುನಿನಾರಾಯಣಪ್ಪನವರು ಕೋಲಾರದ ಆಸ್ಪತ್ರೆಯಲ್ಲಿ ಹೃದಯದ ಕಾಯಿಲೆಯಿಂದ ಮಲಗಿದ್ದರು. ವೈದ್ಯರು ಕೈಚೆಲ್ಲಿದಂತೆಯೇ ಮಾತನಾಡಿದ್ದರು. ನಾಮಕರಣದ ಮಾತು ಬಂದಾಗ ಮುನಿನಾರಾಯಣಪ್ಪನವರ ಅಕ್ಕ, ಕಾಮಸಮುದ್ರದ ಅಕ್ಕಯ್ಯಮ್ಮ, "ಒಸಿ ತಡೀರಿ" ಎಂದಿದ್ದರು. ಆ ಎರಡು ಮಾತಿನ ಅರ್ಥ ಎಲ್ಲರಿಗೂ ಆಗಿತ್ತು.

ಆದರೆ ರೋಗಿ ಎದ್ದು ಕುಳಿತರು. ಗಂಜಿ ಕುಡಿದರು, ಮುದ್ದೆ ಉಂಡರು, ಮನೆಗೆ ಬಂದು ಜಗುಲಿಯ ಮೇಲೆ ಕುರ್ಚಿ ಹಾಕಿಸಿಕೊಂಡರು. ಅವರ ಬಣ್ಣ ತಿರುಗಿದಷ್ಟೂ ಮನೆಯವರು ಅವರ ಕಣ್ಣು ತಪ್ಪಿಸತೊಡಗಿದರು. ಇದನ್ನು ಅರಿಯದಷ್ಟು ದಡ್ಡರಲ್ಲ ಅವರು. ಅರಿತದ್ದನ್ನು ತೋರಿಸಿಕೊಳ್ಳುವಷ್ಟು ಹಗುರದವರೂ ಅಲ್ಲ.

ಈ ಸಂಗತಿಯನ್ನು ತಮಾಷೆಯಾಗಿ ಆಡಬಲ್ಲವನು ಒಬ್ಬನೇ ಇದ್ದನು. ಎದುರು ಮನೆಯ ಆರುಮುಗಂ ಚಿನ್ನದ ಗಣಿ ಮುಚ್ಚುವವರೆಗೂ ಕೆಳಗಿಳಿದು ದುಡಿದವನು. ತಮಿಳು ಬೆರೆಸಿದ ಕನ್ನಡದವನು. ಓಣಿಯವರಂತೆ ಅವನೂ ಮುನಿನಾರಾಯಣಪ್ಪನವರನ್ನು ನೇವಿಯಣ್ಣ ಎಂದೇ ಕರೆಯುತ್ತಿದ್ದನು.

"ಎನ್ನ ನೇವಿಯಣ್ಣಾ, ಕಪ್ಪಲ್ ಇನ್ನೂ ಓಡ್ತಾ ಐತಾ?"

"ಹಡಗು ಓಡ್ತಾ ಐತೆ ಕಣಯ್ಯ. ಒಂದು ಬಾಯ್ಲರ್ ಕೆಟ್ಟೈತೆ, ಮಿಕ್ಕಿದ್ದರ ಮೇಲೆ ಓಡ್ತಾ ಐತೆ."

"ನೀನು ದಡ ಸೇರೋ ಕಾಲುಕ್ಕೆ ಮರಿಗೆ ಮೀಸೆ ಬತ್ತೈತೆ. ಮೀಸೆ ಬಂದೋನ್ಗೆ ತೊಟ್ಲು ಕಟ್ಟಕ್ಕೆ ಬಲವಾದ ತೊಲೆ ನೋಡ್ಬೇಕು, ಸಾಮೀ!"

ಇಬ್ಬರೂ ನಗುತ್ತಿದ್ದರು. ಒಳಗೆ ಪಾತ್ರೆ ತೊಳೆಯುತ್ತಿದ್ದ ಸೊಸೆ ಕಲ್ಪನ ನಗುತ್ತಿರಲಿಲ್ಲ.

ಬಾಯ್ಲರಿನ ಮಾತು ಬರಿಯ ಹಾಸ್ಯವಲ್ಲ. ಹರೆಯದಲ್ಲಿ ಬಂಗಾರಪೇಟೆಯಲ್ಲಿ ರೈಲು ಹತ್ತಿ ನೌಕಾಪಡೆಗೆ ಸೇರಿದ ಮುನಿನಾರಾಯಣಪ್ಪನವರು ದೇಶದ ಮೊದಲ ವಿಮಾನವಾಹಕ ನೌಕೆಯಾದ ವಿಕ್ರಾಂತದಲ್ಲಿ ಬಾಯ್ಲರ್ ಕೋಣೆಯ ಕೆಲಸಗಾರರಾಗಿದ್ದರು. ಅಪ್ಪ ಗಣಿಯ ಕತ್ತಲೆಗೆ ಇಳಿದರೆ ಮಗ ಹಡಗಿನ ಹೊಟ್ಟೆಗೆ ಇಳಿದನು. ಇಳಿಯುವುದೇ ಆ ವಂಶದ ಹಣೆಬರಹವಾಗಿತ್ತು. ಕಡಲಿನ ಮೇಲೆ ವರ್ಷಗಟ್ಟಲೆ ಇದ್ದರೂ ಕಡಲನ್ನು ಅವರು ಕಂಡದ್ದು ಕಡಿಮೆ. ಅವರ ಕೋಣೆಯ ಆವಿಯೇ ಹಡಗನ್ನು ನೂಕುತ್ತಿತ್ತು. ಮೇಲಿನ ಅಟ್ಟದಿಂದ ವಿಮಾನಗಳನ್ನು ಕವಣೆಯ ಕಲ್ಲಿನಂತೆ ಬೀಸಿ ಎಸೆಯುತ್ತಿದ್ದುದೂ ಅದೇ ಆವಿ. ಒಂದೊಂದು ವಿಮಾನ ಜಿಗಿದಾಗಲೂ ಕೆಳಗೆ ಒತ್ತಡದ ಮುಳ್ಳು ಥಟ್ಟನೆ ಹಿಂದಕ್ಕೆ ಸರಿಯುತ್ತಿತ್ತು. ವಿಮಾನ ಹಾರಿತೆಂಬ ಸುದ್ದಿ ಅವರಿಗೆ ತಿಳಿಯುತ್ತಿದ್ದದ್ದು ಆ ಮುಳ್ಳಿನಿಂದ. ಎಪ್ಪತ್ತೊಂದರ ಯುದ್ಧದಲ್ಲಿ ಹಡಗು ಬಂಗಾಳ ಕೊಲ್ಲಿಗೆ ಹೋದಾಗ ಒಂದು ಬಾಯ್ಲರು ಬಿರುಕು ಬಿಟ್ಟಿತ್ತು. ವೇಗ ತಗ್ಗಿತು, ವಿಮಾನ ಏರಲು ಬೇಕಾದ ಎದುರುಗಾಳಿ ಸಾಲದಾಯಿತು. ಆದರೂ ವಿಮಾನಗಳು ಹಾರಿದವು, ಶತ್ರುವಿನ ಬಂದರುಗಳ ಬಾಗಿಲು ಮುಚ್ಚಿದವು. ಆ ದಿನಗಳನ್ನು ನೆನೆದಾಗ ಅವರ ಬೆನ್ನು ಈಗಲೂ ತಾನಾಗಿ ನೆಟ್ಟಗಾಗುತ್ತಿತ್ತು.

ನೌಕಾಪಡೆಯಿಂದ ಬಿಡುಗಡೆಯಾಗಿ ಬಂದು ಗಣಿಯ ಕಾರ್ಯಾಗಾರದಲ್ಲಿ ಫಿಟ್ಟರ್ ಆದರು. ಗಣಿಯೂ ಮುಚ್ಚಿತು. ಅಲ್ಲಿನ ಗೆಳೆಯರು ಕಡೆಯ ಕೆಲಸವೆಂಬಂತೆ ಹಿತ್ತಾಳೆಯಲ್ಲಿ ಕೊರೆದುಕೊಟ್ಟ ನಾಮಫಲಕ ಅವರ ಬಾಗಿಲ ಪಕ್ಕದ ಗೋಡೆಯ ಮೇಲಿತ್ತು: ಮುನಿನಾರಾಯಣಪ್ಪ, ಭಾರತೀಯ ನೌಕಾಪಡೆ.

ಒಂದು ಮಧ್ಯಾಹ್ನ ಕಲ್ಪನ ಮಾವನಿಗೆ ಮಾತ್ರೆ ತಂದು ಕೊಟ್ಟವಳು ಅಲ್ಲಿಯೇ ನಿಂತಳು. ಅವಳು ಬಂಗಾರಪೇಟೆಯ ಹುಡುಗಿ. ಮಾವನ ಎದುರು ದನಿ ಎತ್ತಿದವಳಲ್ಲ.

"ಮಾವ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು. ಬೈದ್ರೂ ಪರವಾಗಿಲ್ಲ."

"ಹೇಳಮ್ಮ."

"ಅಂಗನವಾಡಿ ಟೀಚರ್ ಕೇಳಿದ್ರು, ಮಗೂಗೆ ಯಾಕೆ ಇನ್ನೂ ಹೆಸರಿಟ್ಟಿಲ್ಲ ಅಂತ. ಕಾಯ್ತಾ ಇದೀವಿ ಅಂದ್ಬಿಟ್ಟೆ. ಏನಕ್ಕೆ ಕಾಯ್ತಿದೀರ ಅಂದ್ರು." ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಆ ಮಾತು ನನ್ನ ಬಾಯಿಂದಾನೇ ಬಂತು ಮಾವ. ಅವತ್ತಿಂದ ಅನ್ನ ಇಕ್ಕೋವಾಗ ನಿಮ್ಮ ಮುಖ ನೋಡಕ್ಕೆ ಆಗ್ತಿಲ್ಲ."

ಮುನಿನಾರಾಯಣಪ್ಪನವರು ಮಾತ್ರೆಯನ್ನು ನುಂಗಿ, ನೀರು ಕುಡಿದು, ಲೋಟವನ್ನು ಕೆಳಗಿಟ್ಟರು. "ತಪ್ಪು ನಿಂದಲ್ಲಮ್ಮ" ಎಂದರು. ಸಂಜೆ ಕಾರ್ಖಾನೆಯಿಂದ ಮಗ ಬರುತ್ತಲೇ, "ಮಂಜೇಶಾ, ಭಾನುವಾರ ಕಾಮಸಮುದ್ರಕ್ಕೆ ಓಗಿ ಅತ್ತೇನ ಕರ್ಕೊಂಬಾ" ಎಂದು ಹೇಳಿದರು.

"ಬೇರೆ ಎಸ್ರು ಇಟ್ಬುಡಾನ ಬುಡು ನಾಯ್ನಾ. ಕಾಲ ಬದಲಾಗೈತೆ" ಎಂದನು ಮಂಜೇಶ.

ಅದು ಸುಲಭದ ದಾರಿ. ಆದರೆ ಅದನ್ನು ಹಿಡಿಯಲು ಮುದುಕರ ಮನಸ್ಸು ಒಪ್ಪಲಿಲ್ಲ. ವಿಕ್ರಾಂತ ಸೇವೆಯಿಂದ ಇಳಿದ ಮೇಲೆ ಕಾಲು ಶತಮಾನ ಆ ಹೆಸರಿನ ಹಡಗೊಂದೂ ನೌಕಾಪಡೆಯ ಸೇವೆಯಲ್ಲಿರಲಿಲ್ಲ. ಇಂಗ್ಲೆಂಡಿನಿಂದ ಕೊಂಡ ವಿರಾಟ ಇತ್ತು, ರಷ್ಯಾದಿಂದ ಬಂದ ವಿಕ್ರಮಾದಿತ್ಯ ಕಾರವಾರಕ್ಕೆ ಸೇರಿತ್ತು. ಅವುಗಳ ಬಗ್ಗೆ ಅವರಿಗೆ ಗೌರವವಿತ್ತು, ನಂಟಿರಲಿಲ್ಲ. ಎರಡು ಸಾವಿರದ ಇಪ್ಪತ್ತೆರಡರಲ್ಲಿ ಕೊಚ್ಚಿಯಲ್ಲಿ, ನಮ್ಮವರೇ ಕಟ್ಟಿದ ಹೊಸ ನೌಕೆ ಅದೇ ಹೆಸರಿನಿಂದ ಸೇವೆಗೆ ಸೇರಿದ ದಿನ ಆರುಮುಗಂ ಮನೆಯ ಟಿ.ವಿ.ಯ ಮುಂದೆ ಕುಳಿತಿದ್ದ ಅವರು ಎದ್ದು ನಿಂತಿದ್ದರು. ಹೊಸ ಹಡಗಿನಲ್ಲಿ ಬಾಯ್ಲರೇ ಇಲ್ಲ, ಆವಿಯ ಕವಣೆಯಿಲ್ಲ. ತಮ್ಮಂಥವರಿಗೆ ಅಲ್ಲಿ ಕೆಲಸವೇ ಇಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ಹೆಸರು ನೀರಿಗೆ ಮರಳಿತ್ತು. ಆ ಸುಖವನ್ನು ಉಂಡವರು ತಮ್ಮ ಮನೆಯ ಹೆಸರನ್ನು ಒಣನೆಲದ ಮೇಲೆ ಬಿಟ್ಟುಹೋಗಲು ಹೇಗೆ ಒಪ್ಪಿಯಾರು?

ಹಾಗೆಂದು ಬದುಕಿದ್ದಾಗಲೇ ಹೆಸರು ಕೊಟ್ಟುಬಿಡಲು ಅವರಿಗೆ ಭಯವಿತ್ತು. ತಮ್ಮ ಪ್ರಾಣದ ಭಯವಲ್ಲ. ಅವರಿಗೆ ಆ ಹೆಸರು ಬಂದದ್ದೇ ಬದುಕಿದ್ದ ತಾತನಿಂದ. ಅಪ್ಪ ಹಟ ಹಿಡಿದು ತೊಟ್ಟಿಲಲ್ಲಿ ತಾತನ ಹೆಸರು ಕೂಗಿಸಿದ್ದನು. ತಿಂಗಳು ಕಳೆಯುವುದರೊಳಗೆ ಗಣಿಯ ಆಳದಲ್ಲಿ ಬಂಡೆ ಸಿಡಿದು ತಾತ ಅಲ್ಲಿಯೇ ಸತ್ತನು. ತಾತನನ್ನು ನುಂಗಿದವನು ಎಂಬ ಮಾತು ಕೇಳುತ್ತ ಬೆಳೆದವರು ಅವರು. ಕೆರೆಯಲ್ಲಿ ಈಜುವಾಗ, ಗೋಲಿಯಾಡುವಾಗ, ಹುಡುಗರು ಸೋತರೆ ಅದೇ ಮಾತನ್ನು ಎಸೆಯುತ್ತಿದ್ದರು. ಈಗ ತಮ್ಮ ಹೃದಯ ಯಾವ ಗಳಿಗೆಯಲ್ಲಿ ನಿಲ್ಲುವುದೋ. ನಿಂತ ದಿನ ಆ ಮಾತು ಈ ಕೂಸಿನ ತಲೆಯ ಮೇಲೆ ಬೀಳುವುದು ಖಂಡಿತ. ಹೆಸರನ್ನು ದಾಟಿಸಬೇಕು, ಹಳಿವನ್ನು ದಾಟಿಸಬಾರದು. ಭಾನುವಾರದವರೆಗೂ ಅವರು ಇದೊಂದನ್ನೇ ಯೋಚಿಸಿದರು.

ಅಕ್ಕಯ್ಯಮ್ಮ ಬಂದರು. ತೊಂಬತ್ತರ ಹತ್ತಿರದ ಮುದುಕಿ, ಸೊಂಟ ಬಾಗಿದ್ದರೂ ಬಾಯಿ ಬಾಗಿರಲಿಲ್ಲ. ಅವ್ವ ಬೇಗ ಸತ್ತುದರಿಂದ ತಮ್ಮನನ್ನು ಎತ್ತಿ ಆಡಿಸಿ ಸಾಕಿದವರು ಅವರೇ. ಜಗತ್ತಿನಲ್ಲಿ ಮುನಿನಾರಾಯಣಪ್ಪನವರನ್ನು ಹೆಸರು ಹಿಡಿದು ಕರೆಯುವವರು ಈಗ ಅವರೊಬ್ಬರೇ ಉಳಿದಿದ್ದರು.

"ಏನ್ಲಾ ಮುನೀ, ಆಸ್ಪತ್ರೇಲಿ ಸೊಪ್ಪಾಕಿ ಮೇಯ್ಸುದ್ರಾ? ಗುಂಡುಕಲ್ಲಂಗೆ ಆಗಿದ್ದೀಯ!"

"ನೀನು ಮುದುಕಿ ಆಗ್ಬುಟ್ಟೆ ಅಕ್ಕಾ."

"ನಾನ್ಯಾವಾಗ್ಲಾ ಮುದುಕಿ ಆದೆ? ಬಸ್ಸಲ್ಲಿ ನಿಂತ್ಕೊಂಡೇ ಬಂದಿದೀನಿ. ಎದ್ದು ಸೀಟು ಕೊಡಕ್ಕೆ ಬಂದೋನ್ನ ಕೂತ್ಕೊಳ್ಲಾ ಅಂದೆ."

ಊಟವಾಯಿತು. ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಅಕ್ಕಯ್ಯಮ್ಮ ಜಗುಲಿಯ ಮೇಲೆ ಕುಳಿತರು. ಮಂಜೇಶ, ಕಲ್ಪನ ಬಾಗಿಲ ಬಳಿ ನಿಂತರು. ಆರುಮುಗಂ ಕರೆಯದಿದ್ದರೂ ಬಂದು ಮೆಟ್ಟಿಲ ಮೇಲೆ ಜಾಗ ಹಿಡಿದನು.

ಮುನಿನಾರಾಯಣಪ್ಪನವರು ಪೀಠಿಕೆ ಹಾಕಲಿಲ್ಲ. "ಅಕ್ಕಾ, ಮಗೀಗೆ ನನ್ನ ಎಸ್ರು ಇವತ್ತೇ ಇಕ್ಬೇಕು" ಎಂದರು.

ಅಕ್ಕಯ್ಯಮ್ಮನ ಮುಖ ಗಟ್ಟಿಯಾಯಿತು. "ಆಗಲ್ಲ. ಒಂದ್ಸಲ ಮಾಡಿ ನೋಡಿದ್ದು ಸಾಲ್ದಾ? ತಾತನ್ನ ತಂದು ಅಂಗಳದಾಗೆ ಮಲಗ್ಸಿದ್ದು ನಾನು ನೋಡಿದೀನಿ. ನೀನು ತೊಟ್ಲಾಗಿದ್ದೆ, ನಿಂಗೇನು ಗೊತ್ತು?"

"ಹಡಗಿಗೂ ಅಂಗೇ ಮಾಡ್ತಾರೆ ಅಕ್ಕಾ. ನಮ್ಮ ಇಕ್ರಾಂತನ ಎಸ್ರು ಹೊಸ ಹಡಗಿಗೆ ಕೊಟ್ರು."

"ನಂಗೇ ಹಡಗಿನ ಕತೆ ಏಳ್ತೀಯಾ? ನೀನೇ ಏಳಿದ್ದಲ್ವೇನ್ಲಾ! ಕೊಚ್ಚೀಲಿ ಹೊಸ ಹಡಗನ್ನ ನೀರಿಗೆ ಬುಟ್ಟು ಆ ಎಸ್ರು ಇಕ್ಕಿದ್ರು ಅಂದೆ. ಅವಾಗ ನಿನ್ನ ಹಳೇ ಹಡಗು ಬೊಂಬಾಯಿ ನೀರಾಗೆ ಇನ್ನೂ ತೇಲ್ತಾ ಇತ್ತು ಅಂದೆ. ಮಾರನೇ ವರ್ಷ ಏನಾಯ್ತು? ಗುಜರಿಯೋರು ಕೊಂಡ್ಕೊಂಡ್ರು, ಗ್ಯಾಸ್ ಹಚ್ಚಿ ತುಂಡು ತುಂಡು ಮಾಡುದ್ರು. ನೀನು ಊಟ ಬುಟ್ಟು ಮಲಗಿದ್ದೆ. ಎಸ್ರು ಕಿತ್ಕೊಂಡ್ರು, ಹಡಗು ಸತ್ತೋಯ್ತು. ಇನ್ನೇನು ಸಾಕ್ಷಿ ಬೇಕ್ಲಾ ನಿಂಗೆ?"

ಮೆಟ್ಟಿಲ ಮೇಲಿದ್ದ ಆರುಮುಗಂ, "ಅಮ್ಮಾ ಕರೆಕ್ಟಾ ಅಡಿಚಾಂಗ" ಎಂದು ಗೊಣಗಿ, ಯಾರೂ ನಗದಿದ್ದುದನ್ನು ಕಂಡು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡನು.

ಏಟು ಸರಿಯಾಗಿಯೇ ಬಿದ್ದಿತ್ತು. ಮುನಿನಾರಾಯಣಪ್ಪನವರು ಗೋಡೆಯ ಹಿತ್ತಾಳೆಯ ಫಲಕದ ಕಡೆ ಕಣ್ಣು ಹಾಯಿಸಿದರು. ಆಮೇಲೆ ನಿಧಾನವಾಗಿ, ತಾವೇ ತಮಗೆ ಹೇಳಿಕೊಳ್ಳುವವರಂತೆ ಮಾತು ತೆಗೆದರು.

"ಕಿತ್ಕೊಳ್ಳಲಿಲ್ಲ ಅಕ್ಕಾ. ಅದನ್ನ ನಾನು ನಿಂಗೆ ಯಾವತ್ತೂ ಏಳಿಲ್ಲ. ತೊಂಬತ್ತೇಳ್ನೇ ಇಸ್ವೀಲಿ ಹಡಗು ಸೇವೆ ಬುಟ್ಟಾಗ ಹಳಬ್ರೆಲ್ಲ ಬೊಂಬಾಯಿಗೆ ಓಗಿದ್ವಿ. ಆ ಹಡಗಿನ ಎಸ್ರೂ ಮೊದಲು ಬೇರೆ ಇತ್ತು. ಇಂಗ್ಲೀಷ್ನೋರು ಹರ್ಕ್ಯುಲೀಸ್ ಅಂತ ಇಕ್ಕಿ, ಯುದ್ಧ ಮುಗೀತು ಅಂತ ಅರ್ಧಕ್ಕೇ ಬುಟ್ಟಿದ್ರು. ವರ್ಷಗಟ್ಟಲೆ ಹಂಗೇ ಬಿದ್ದಿತ್ತು. ನಮ್ಮೋರು ಕೊಂಡು, ಕಟ್ಟಿಸಿ, ಇಕ್ರಾಂತ ಅಂತ ಕರೆದ್ರು. ಕರೆದ ಮ್ಯಾಲೆ ಅದಕ್ಕೆ ಜೀವ ಬಂತು. ಜೀವ ಇದ್ದಾಗ ದುಡೀತು. ದುಡಿಯಕ್ಕೆ ಆಗದೇ ಓದಾಗ ಒಂದು ಸಂಜೆ, ಹೊತ್ತು ಮುಳುಗೋ ಟೈಮಿಗೆ, ಎಲ್ರನೂ ಸಾಲಾಗಿ ನಿಲ್ಸಿ ಬಾವುಟ ಇಳಿಸಿದ್ರು. ಬೀಳ್ಕೊಡೋವಾಗ ಕಟ್ಟೋ ಉದ್ದನೇ ಬಾವುಟ ಬೇರೆ, ಅದನ್ನೂ ಇಳಿಸಿದ್ರು. ಅವತ್ತಿಂದ ಆ ಹಡಗು ನೌಕಾಪಡೇದಲ್ಲ. ಮ್ಯೂಸಿಯಂ ಮಾಡಿದ್ರು, ಹಳೇ ಎಸ್ರು ಹಡಗಿನ ಗೋಡೆ ಮ್ಯಾಲೆ ಇತ್ತು, ಮಕ್ಕಳು ಬಂದು ನೋಡೋರು. ಆದ್ರೆ ಯಾರೂ ಅದನ್ನ ಕರೆದು ಕೆಲಸ ಏಳಲಿಲ್ಲ. ಎಸರನ್ನ ತಾನೇ ಇಳಿಸಿ ಕೊಟ್ಟು ಹದಿನಾರು ವರ್ಷ ಆದ ಮ್ಯಾಲೆ ಹೊಸ ಹಡಗು ನೀರಿಗೆ ಇಳಿಯೋವಾಗ ಎತ್ಕೊಂತು. ಕಡಿದಿದ್ದು ಬರೀ ಕಬ್ಬಿಣಾನ ಅಕ್ಕಾ. ನಾನು ಊಟ ಬುಟ್ಟಿದ್ದು ಕಬ್ಬಿಣದ ಮ್ಯಾಲಿನ ಆಸೆಗೆ."

"ಅದುಕ್ಕೇನೀಗ?"

"ಅಂಗೇ ನಾನೂ ಇಳಿಸ್ತೀನಿ. ಇವತ್ತು ಹೊತ್ತು ಮುಳುಗೋವಾಗ ನನ್ನ ಎಸ್ರು ನಾನೇ ಇಳಿಸ್ತೀನಿ. ಅಲ್ಲಿಂದ ಮುಂದಕ್ಕೆ ಆ ಎಸ್ರಿನೋನು ನಾನಲ್ಲ. ಯಾರು ಕೂಗಿದ್ರೂ ಓ ಅನ್ನಲ್ಲ. ಇಳಿಸಿದ ಮ್ಯಾಲೆ ಮಗೀಗೆ ಇಕ್ಕು. ನಾಳೆ ನನ್ನೆದೆ ನಿಂತೋದ್ರೆ ಯಾರೋ ಒಬ್ಬ ತಾತ ಓದ ಅಂತಾರೆ. ಮರಿ ತಲೆ ಮ್ಯಾಲೆ ಏನೂ ಬೀಳಲ್ಲ."

ಮಗು ಅಕ್ಕಯ್ಯಮ್ಮನ ಕರಿಮಣಿಯನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಿತ್ತು. ಅದನ್ನು ಬಿಡಿಸುವ ಯೋಚನೆಯೂ ಇಲ್ಲದೆ ಮುದುಕಿ ತಮ್ಮನ ಮುಖವನ್ನೇ ನೋಡುತ್ತಿದ್ದರು. ಈ ಮಾತಿನ ಬೆಲೆ ಯಾರು ತೆರಬೇಕೆಂದು ಆ ಹೊತ್ತಿಗೆ ಅವರಿಗೆ ಹೊಳೆದಿತ್ತು.

"ನಾನೂ ಕರೀಬಾರ್ದಾ?" ಎಂದರು.

"ನೀನೂ ಕರೀಬಾರ್ದು ಅಕ್ಕಾ. ನೀನೊಬ್ಳು ಕರೆದ್ರೂ ಅದು ಇಳಿದಂಗೆ ಆಗಲ್ಲ."

"ಏನ್ ಕಲ್ಲೆದೆಯೋನ್ಲಾ ನೀನು!" ಅಕ್ಕಯ್ಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮಗುವಿನ ತಲೆಯನ್ನು ನೇವರಿಸುತ್ತ, "ಕಿತ್ಕೊಂಡಿದ್ದು ಬೇರೆ. ಇಳಿಸಿ ಕೊಟ್ಟಿದ್ದು ಬೇರೆ" ಎಂದರು. ಅದೇ ಒಪ್ಪಿಗೆ.

ಕಲ್ಪನ ತೊಟ್ಟಿಲಿಗೆ ಹೂ ಕಟ್ಟಿದಳು. ಮಂಜೇಶ ಪೇಟೆಗೆ ಓಡಿ ಎಲೆ, ಅಡಿಕೆ, ಸಕ್ಕರೆ ತಂದನು. ಗಣಿಯ ಸೈನೈಡ್ ಮಣ್ಣಿನ ದಿಬ್ಬದ ಹಿಂದಕ್ಕೆ ಸೂರ್ಯನು ಇಳಿಯತೊಡಗಿದಾಗ ಮುನಿನಾರಾಯಣಪ್ಪನವರು ಒಗೆದ ಬಿಳಿ ಅಂಗಿ ತೊಟ್ಟು, ತಿರುಪುಳಿ ಹಿಡಿದು ಹೊರಗೆ ಬಂದರು. ಬಾಗಿಲ ಪಕ್ಕದ ಹಿತ್ತಾಳೆಯ ಫಲಕದ ಮುಂದೆ ನಿಂತರು. ಇಳಿಸಲು ಅವರ ಬಳಿ ಇದ್ದ ಬಾವುಟ ಅದೊಂದೇ.

"ಡ್ರಿಲ್ ತರ್ಲಾ ನಾಯ್ನಾ?" ಎಂದನು ಮಗ.

"ಬೇಡ."

ಆಮೇಲೆ ಅವರು ಅಕ್ಕನ ಕಡೆ ತಿರುಗಿದರು. "ಒಂದ್ಸಲ ಕರಿ ಅಕ್ಕಾ. ಹೊಲದಿಂದ ಊಟುಕ್ಕೆ ಕರೀತಿದ್ದೆಯಲ್ಲ, ಅಂಗೆ."

ಅಕ್ಕಯ್ಯಮ್ಮ ಕಂಬ ಹಿಡಿದು ನಿಂತರು. ಎರಡು ಸಲ ಉಸಿರೆಳೆದುಕೊಂಡರು. ಆಮೇಲೆ ಆ ಬಾಗಿದ ದೇಹದಿಂದ ಓಣಿಯ ಕೊನೆಯವರೆಗೂ ಕೇಳುವಂಥ ದನಿ ಹೊರಟಿತು.

"ಮುನಿನಾರಾಯ್ಣಾ! ಲೇ ಮುನೀ! ಇಟ್ಟು ಆರೋಯ್ತದೆ, ಬಾರ್ಲಾ!"

"ಬಂದೆ ಅಕ್ಕಾ" ಎಂದರು ಅವರು.

ಫಲಕದ ತಿರುಪುಗಳು ತುಕ್ಕು ಹಿಡಿದಿದ್ದವು. ಆರುಮುಗಂ ಸೀಮೆಎಣ್ಣೆ ತಂದು ಹನಿಸಿದನು. ಕೈ ಮಾತ್ರ ಹಾಕಲಿಲ್ಲ. ಮುದುಕರು ಉಸಿರು ತಡೆದು ತಡೆದು, ನಡುನಡುವೆ ಗೋಡೆಗೆ ಒರಗಿ, ಒಂದೊಂದಾಗಿ ತಿರುವಿದರು. ಕಡೆಯ ತಿರುಪು ಹಟ ಹಿಡಿದಾಗ ಮಂಜೇಶ ಒಂದು ಹೆಜ್ಜೆ ಮುಂದಿಟ್ಟನು. ಕಲ್ಪನ ಅವನ ತೋಳು ಹಿಡಿದು ನಿಲ್ಲಿಸಿದಳು. ಅದೂ ಬಂತು. ಫಲಕ ಕೈಗಿಳಿಯುವ ಹೊತ್ತಿಗೆ ಬೆಳಕು ಕೆಂಪಾಗಿ, ಬೂದಿಯಾಗಿ, ಆರಿತ್ತು. ಗೋಡೆಯ ಮೇಲೆ ಸುಣ್ಣ ಕಾಣದ ಒಂದು ಚೌಕ ಉಳಿಯಿತು. ಅವರು ಫಲಕವನ್ನು ಎದೆಗೆ ಒತ್ತಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಆರುಮುಗಂ ಕೂಡ ತಾನಾಗಿ ಎದ್ದು ನಿಲ್ಲುವಷ್ಟು ಹೊತ್ತು ನಿಂತರು. ಆಮೇಲೆ ಅದನ್ನು ಮಗನ ಕೈಗೆ ಕೊಟ್ಟು ಒಳಗೆ ಬಂದರು.

ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಮಂಜೇಶನಿಗೆ ಅಕ್ಕತಂಗಿಯರಿಲ್ಲದ ಕಾರಣ ಆ ಹಕ್ಕು ಅಕ್ಕಯ್ಯಮ್ಮನಿಗೆ ಬಂದಿತ್ತು. ಅವರು ಮಗುವಿನ ಬಲಗಿವಿಗೆ ವೀಳ್ಯದೆಲೆ ಮರೆಮಾಡಿ ಬಾಗಿದರು. ತುಟಿ ಅಲುಗಿತು, ದನಿ ಕೇಳಿಸಲಿಲ್ಲ. ಕಲ್ಪನ ಬಾಯಿಗೆ ಸೆರಗು ಹಿಡಿದಿದ್ದಳು. ಮಾವನ ಹೆಸರನ್ನು ಸೊಸೆ ಉಚ್ಚರಿಸಬಾರದೆಂದು ಇಷ್ಟು ವರ್ಷ ಪಾಲಿಸಿಕೊಂಡು ಬಂದವಳು ಅವಳು. ಅಕ್ಕಯ್ಯಮ್ಮ ತಲೆಯೆತ್ತಿ, "ಕರಿಯಮ್ಮ. ಈಗದು ನಿನ್ನ ಮಗನ್ದು" ಎಂದರು. ಕಲ್ಪನ ಕರೆದಳು. ಮೊದಲ ಸಲ ತೊದಲಿದಳು.

ಮರುದಿನ ಬೆಳಗ್ಗೆ ಅಕ್ಕನನ್ನು ಕಾಮಸಮುದ್ರದ ಬಸ್ಸಿಗೆ ಹತ್ತಿಸಲು ಮುದುಕರೇ ಬಂದರು. ಅಕ್ಕಯ್ಯಮ್ಮ ಕಿಟಕಿಯ ಪಕ್ಕ ಕುಳಿತು ಸರಳುಗಳ ನಡುವೆ ಕೈ ಹೊರಗೆ ಚಾಚಿದರು. "ಬತ್ತೀನಿ ಕಣ್ಲಾ" ಎಂದರು. ಆ ಮಾತಿನ ಹಿಂದೆ ಯಾವಾಗಲೂ ಬರುತ್ತಿದ್ದ ಹೆಸರು ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಹಲ್ಲಿಲ್ಲದ ಬಾಯಿ ಒಂದು ಕ್ಷಣ ತೆರೆದೇ ಇತ್ತು. ಆಮೇಲೆ ಅವರು ತಮ್ಮನ ಮುಂಗೈಯನ್ನು ಬಲವಾಗಿ ಹಿಸುಕಿದರು. ಬಸ್ಸು ಹೊರಟಿತು.

ಅವರು ಓಣಿಗೆ ಮರಳಿದಾಗ ಅಂಗಳದಲ್ಲಿ ಮಗು ಅಂಬೆಗಾಲಿಟ್ಟು ಹೂಕುಂಡದ ಮಣ್ಣಿಗೆ ಕೈ ಹಾಕಿತ್ತು. ಒಳಗಿನಿಂದ ಕಲ್ಪನಳ ದನಿ ಕೇಳಿತು.

"ಮುನಿನಾರಾಯಣ! ಮಣ್ಣು ತಿಂತೀಯೇನೋ? ಮುನಿನಾರಾಯಣ!"

ಗೇಟಿನ ಚಿಲಕದ ಮೇಲಿದ್ದ ಕೈ ಅಲ್ಲಿಯೇ ನಿಂತಿತು. ಎಂಬತ್ತು ವರ್ಷಗಳ ಅಭ್ಯಾಸದಿಂದ ಗಂಟಲಿಗೆ ಉತ್ತರ ಬಂದುಬಿಟ್ಟಿತ್ತು. ಅದನ್ನು ಅವರು ತುಟಿ ಬಿಗಿದು ಒಳಗೇ ಇರಿಸಿಕೊಂಡರು. ಹೆಸರಿಗೋ, ತಾಯಿಯ ದನಿಗೋ, ಮಗು ಮಣ್ಣು ತುಂಬಿದ ಬಾಯಿಯಿಂದಲೇ ತಿರುಗಿ ಬಾಗಿಲ ಕಡೆಗೆ ನೋಡಿತು.